ನಿತ್ಯಪ್ರಾರ್ಥನೆ ಮತ್ತು ದೇವಸಾನ್ನಿಧ್ಯದ ಅರಿವು: ಕನ್ನಡನಾಡಿನ ಕ್ರೈಸ್ತಜೀವನದ ಹಿನ್ನೆಲೆಯಲ್ಲಿ ಒಂದು ವಿವೇಚನೆ

೧. ವಿಷಯಪ್ರವೇಶ

ದೇವರು ಎಲ್ಲೆಲ್ಲಿಯೂ ಇದ್ದಾನೆಂಬುದು ಕ್ರೈಸ್ತಧರ್ಮದ ಮೂಲನಂಬಿಕೆಗಳಲ್ಲೊಂದು. ಆದರೆ ಎಲ್ಲೆಲ್ಲಿಯೂ ಇರುವವನ ಇರವು ಎಲ್ಲ ವೇಳೆಯಲ್ಲಿಯೂ ಮನುಷ್ಯನ ಅರಿವಿಗೆ ಬರುವುದಿಲ್ಲ. ಇರವಿಗೂ ಅರಿವಿಗೂ ನಡುವಣ ಈ ಅಂತರವನ್ನು ದಾಟಲು ಕ್ರೈಸ್ತರು ಸುಮಾರು ಇಪ್ಪತ್ತು ಶತಮಾನಗಳಿಂದ ಅವಲಂಬಿಸಿಕೊಂಡು ಬಂದ ಮುಖ್ಯ ಸಾಧನವೆಂದರೆ ನಿತ್ಯಪ್ರಾರ್ಥನೆ. ಆ ಸಾಧನದ ಸ್ವರೂಪವೇನು, ಅದು ಕನ್ನಡನಾಡಿನ ಮನೆಗಳಲ್ಲಿ ಬೇರೂರಿದ ಬಗೆ ಯಾವುದು, ಬದಲಾದ ದಿನಚರಿಯಲ್ಲಿ ಅದರ ಗತಿಯೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ದೇವರ ಇರವನ್ನು ಸಾಧಿಸುವುದಾಗಲಿ ಅಲ್ಲಗಳೆಯುವುದಾಗಲಿ ಇತಿಹಾಸದ ಕೆಲಸವಲ್ಲ. ಜನರು ಯಾವ ವೇಳೆಯಲ್ಲಿ, ಯಾವ ಭಾಷೆಯಲ್ಲಿ, ಯಾರೊಡನೆ ಕುಳಿತು ಪ್ರಾರ್ಥಿಸಿದರು, ಅದರಿಂದ ಅವರ ಬಾಳಿಗೆ ಯಾವ ಆಕಾರ ಬಂದಿತು ಎಂಬುದನ್ನು ಮಾತ್ರ ಇತಿಹಾಸ ಕೇಳಬಲ್ಲುದು.

ಈ ಪ್ರಶ್ನೆ ಕೇವಲ ಗತಕಾಲಕ್ಕೆ ಸಂಬಂಧಿಸಿದುದಲ್ಲವೆಂಬುದಕ್ಕೆ ಬೆಂಗಳೂರಿನ ದಕ್ಷಿಣದಂಚಿನ ಬೇಗೂರು ಒಳ್ಳೆಯ ನಿದರ್ಶನ. ಗಂಗರ ಕಾಲದ ವೀರಗಲ್ಲುಗಳಿಗೂ ನಾಗೇಶ್ವರ ದೇವಾಲಯಕ್ಕೂ ಹೆಸರಾದ ಈ ಊರಿನ, ಸುಮಾರು ಒಂಬತ್ತನೆಯ ಶತಮಾನದ ಕೊನೆಯ ಶಾಸನವೊಂದರಲ್ಲಿ ಬೆಂಗಳೂರೆಂಬ ಹೆಸರು ಕಾಣಿಸಿಕೊಂಡಿರುವುದನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕೆರೆ, ಹೊಲ, ದನಕರುಗಳ ಸುತ್ತ ದಿನವನ್ನು ಅಳೆಯುತ್ತಿದ್ದ ಇಂತಹ ಊರುಗಳ ಬದುಕು, ೧೯೭೦ರ ದಶಕದ ಕೊನೆಯಲ್ಲಿ ಸಮೀಪದಲ್ಲಿಯೇ ಎಲೆಕ್ಟ್ರಾನಿಕ್ ಸಿಟಿ ರೂಪುಗೊಳ್ಳಲಾರಂಭಿಸಿದ ಮೇಲೆ ಕ್ರಮೇಣ ಮಾರ್ಪಟ್ಟಿತು. ಹೊಸೂರು ರಸ್ತೆಯ ಉದ್ದಕ್ಕೂ ಸಿದ್ಧ ಉಡುಪಿನ ಕಾರ್ಖಾನೆಗಳೂ ಗಣಕಯಂತ್ರದ ಕಚೇರಿಗಳೂ ಎದ್ದುನಿಂತವು. ಇಂದು ಇಲ್ಲಿ ನೆಲೆಸಿರುವವರಲ್ಲಿ ಬೇರೆಬೇರೆ ಜಿಲ್ಲೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ಬಂದ ಕ್ರೈಸ್ತ ಕುಟುಂಬಗಳಿವೆ. ಗಂಡ ರಾತ್ರಿಪಾಳಿಗೆ ಹೊರಡುವ ವೇಳೆಗೆ ಹೆಂಡತಿ ಹಗಲುಪಾಳಿ ಮುಗಿಸಿ ಬಸ್ಸಿನಲ್ಲಿರುತ್ತಾಳೆ. ಸಂಜೆಯ ದೀಪದ ಹೊತ್ತಿಗೆ ಮನೆಮಂದಿಯೆಲ್ಲ ಒಂದೆಡೆ ಮೊಣಕಾಲೂರುವುದನ್ನೇ ಆಧಾರವಾಗಿ ಹೊಂದಿದ್ದ ಪ್ರಾರ್ಥನಾಕ್ರಮಕ್ಕೆ ಅಂತಹ ಮನೆಯಲ್ಲಿ ಎಡೆಯೆಲ್ಲಿ? ವೇಳೆಯೆಂಬ ಗೂಟವೇ ಕಿತ್ತುಹೋದಾಗ ಪ್ರಾರ್ಥನೆಯನ್ನು ಯಾವುದಕ್ಕೆ ಕಟ್ಟಬೇಕು? ಇದಕ್ಕೆ ಉತ್ತರವನ್ನು ಆ ಪರಂಪರೆಯ ಚರಿತ್ರೆಯಲ್ಲಿಯೇ ಹುಡುಕಬೇಕಾಗುತ್ತದೆ.

೨. ಎಡೆಬಿಡದ ಪ್ರಾರ್ಥನೆ: ಎರಡು ದಾರಿಗಳು

ಕ್ರಿ. ಶ. ೫೦ರ ಸುಮಾರಿನಲ್ಲಿ ಸಂತ ಪೌಲರು ಥೆಸಲೋನಿಕದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಎಡೆಬಿಡದೆ ಪ್ರಾರ್ಥಿಸಬೇಕೆಂದು ವಿಧಿಸಿದರು. ಉಣ್ಣುವ, ದುಡಿಯುವ, ನಿದ್ರಿಸುವ ಮನುಷ್ಯನಿಗೆ ಇದು ಹೇಗೆ ಸಾಧ್ಯ? ಈ ಸಮಸ್ಯೆಗೆ ಆದಿಕ್ರೈಸ್ತರು ಕಂಡುಕೊಂಡ ಪರಿಹಾರಗಳನ್ನು ಎರಡು ದಾರಿಗಳಾಗಿ ವಿಂಗಡಿಸಬಹುದು.

ಮೊದಲನೆಯದು ಕಾಲದ ದಾರಿ. ದಿನವನ್ನು ಕೆಲವು ಗಳಿಗೆಗಳಲ್ಲಿ ದೇವರಿಗೆ ಮೀಸಲಿಟ್ಟರೆ ಇಡೀ ದಿನವೇ ಮೀಸಲಾದಂತೆ ಎಂಬುದು ಅದರ ತತ್ತ್ವ. ಮೊದಲನೆಯ ಶತಮಾನದ ಕೊನೆಗೋ ಎರಡನೆಯದರ ಆದಿಗೋ ಸೇರಿದ ‘ದಿದಖೆ’ ಎಂಬ ಗ್ರೀಕ್ ಕೈಪಿಡಿ, ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಬೇಕೆಂದು ಗೊತ್ತುಪಡಿಸುತ್ತದೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ರಚಿಸಿದ ಮಠನಿಯಮದಲ್ಲಿ ಇದು ಹಗಲಿನ ಏಳು ಹಾಗೂ ರಾತ್ರಿಯ ಒಂದು ಪ್ರಾರ್ಥನಾವೇಳೆಗಳಾಗಿ ಬೆಳೆಯಿತು. ಮಧ್ಯಯುಗದ ಯುರೋಪಿನಲ್ಲಿ ಬೆಳಗ್ಗೆ, ನಡುಹಗಲು, ಸಂಜೆ ಎಂದು ಮೂರು ಬಾರಿ ಗಂಟೆ ಬಾರಿಸಿ, ದೇವದೂತನು ಮರಿಯಮ್ಮನವರಿಗೆ ತಂದ ಸಂದೇಶವನ್ನು ಸ್ಮರಿಸುವ ತ್ರಿಕಾಲಪ್ರಾರ್ಥನೆ ರೂಢಿಗೆ ಬಂದುದು ಈ ದಾರಿಯ ಜನಪ್ರಿಯ ರೂಪ. ಹೊಲದಲ್ಲಿ ನೇಗಿಲು ಹಿಡಿದವನಿಗೆ ಪುಸ್ತಕ ಬೇಕಿರಲಿಲ್ಲ; ಗಂಟೆಯ ನಾದವೇ ಸಾಕಾಗಿತ್ತು.

ಎರಡನೆಯದು ಕೆಲಸದ ದಾರಿ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯ ತಪಸ್ವಿಗಳು ಚಾಪೆ ಬುಟ್ಟಿಗಳನ್ನು ಹೆಣೆಯುತ್ತ ಕಿರಿದಾದ ಒಂದು ವಾಕ್ಯವನ್ನು ಮತ್ತೆ ಮತ್ತೆ ಉಚ್ಚರಿಸುತ್ತಿದ್ದರು. ಅವರ ನಡುವೆ ಬಾಳಿ ಬಂದ ಜಾನ್ ಕಾಸಿಯನ್ ಎಂಬವರು ತಮ್ಮ ಗ್ರಂಥದಲ್ಲಿ, ದೇವರ ನೆರವನ್ನು ಬೇಡುವ ಕೀರ್ತನೆಯೊಂದರ ಒಂದೇ ಸಾಲನ್ನು ಎಲ್ಲ ಕೆಲಸಗಳಲ್ಲಿಯೂ ಎಲ್ಲ ಸಂಕಟಗಳಲ್ಲಿಯೂ ಮನಸ್ಸಿನಲ್ಲಿ ತಿರುಗಿಸುತ್ತಿರುವ ಅಭ್ಯಾಸವನ್ನು ವಿಸ್ತಾರವಾಗಿ ವಿವರಿಸಿದ್ದಾರೆ. ಸಂತ ಅಗಸ್ಟೀನರೂ ಪ್ರೋಬ ಎಂಬ ವಿಧವೆಗೆ ಬರೆದ ಪತ್ರದಲ್ಲಿ ಈಜಿಪ್ಟಿನವರ ಈ ಕಿರುಪ್ರಾರ್ಥನೆಗಳನ್ನು ಎಸೆದ ಬಾಣಗಳಿಗೆ ಹೋಲುವಂತೆ ವರ್ಣಿಸಿ, ದೀರ್ಘ ಪ್ರಾರ್ಥನೆಯಲ್ಲಿ ಮಂಕಾಗುವ ಲಕ್ಷ್ಯವನ್ನು ಅವು ಹರಿತವಾಗಿಡುತ್ತವೆಂಬ ಕಾರಣವನ್ನು ಕೊಡುತ್ತಾರೆ. ಇಲ್ಲಿ ಪ್ರಾರ್ಥನೆಗೆ ಆಧಾರ ಗಂಟೆಯಲ್ಲ, ಕೈಯಲ್ಲಿರುವ ಕೆಲಸ.

ಈ ಎರಡು ದಾರಿಗಳು ಪರಸ್ಪರ ವಿರುದ್ಧವಾದವುಗಳಲ್ಲವೆಂಬುದನ್ನು ಗಮನಿಸಬೇಕು. ಬೆನೆಡಿಕ್ಟರ ನಿಯಮವೇ ಮಠದ ಉಪಕರಣಗಳನ್ನು ಪೂಜಾಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದು ಉಗ್ರಾಣಿಗೆ ವಿಧಿಸುತ್ತದೆ. ಆದರೂ ಸಮಾಜದ ಸ್ಥಿತಿಗೆ ತಕ್ಕಂತೆ ಒಮ್ಮೆ ಒಂದು, ಒಮ್ಮೆ ಇನ್ನೊಂದು ಮುಂದಾಗಿರುವುದು ಚರಿತ್ರೆಯಿಂದ ತಿಳಿದುಬರುತ್ತದೆ.

೩. ಕನ್ನಡನಾಡಿನಲ್ಲಿ: ಮನೆಯೇ ಪ್ರಾರ್ಥನೆಯ ಮಂದಿರ

ಮೈಸೂರು ಸೀಮೆಯಲ್ಲಿ ಕ್ರೈಸ್ತ ಗುರುಗಳ ಸ್ಥಿರವಾದ ಕಾರ್ಯ ಹದಿನೇಳನೆಯ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಶ್ರೀರಂಗಪಟ್ಟಣದಿಂದ ಆರಂಭವಾಯಿತು. ಅಲ್ಲಿಗೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಕನ್ನಡವನ್ನು ಕಲಿತು, ಆ ಭಾಷೆಯಲ್ಲಿಯೇ ಧರ್ಮೋಪದೇಶಕ್ಕೆ ತೊಡಗಿದರು. ೧೭೭೩ರಲ್ಲಿ ಯೇಸುಸಭೆಯನ್ನು ಪೋಪರು ರದ್ದುಪಡಿಸಿದ ತರುವಾಯ ಈ ಸೀಮೆಯ ಹೊಣೆ ಪ್ಯಾರಿಸಿನ ವಿದೇಶೀ ಮಿಷನ್ನಿನ ಗುರುಗಳಿಗೆ ಬಂದಿತು. ೧೭೯೯ರ ಅನಂತರ ಮೈಸೂರು ಸೀಮೆಯಲ್ಲಿ ಕೆಲಸಮಾಡಿ ೧೮೨೩ರಲ್ಲಿ ಸ್ವದೇಶಕ್ಕೆ ಮರಳಿದ ಆಬೆ ದ್ಯುಬುವಾ ಅವರ ಹೆಸರು, ಹಿಂದೂ ಆಚಾರವ್ಯವಹಾರಗಳ ಮೇಲಿನ ಅವರ ಗ್ರಂಥದಿಂದಾಗಿ ವಾಚಕರಿಗೆ ಪರಿಚಿತವಾದುದೇ.

ಈ ಕಾಲದುದ್ದಕ್ಕೂ ಗುರುಗಳು ಕೆಲವರು; ಅವರ ಪಾಲಿನ ಹಳ್ಳಿಗಳು ಹಲವು ಮತ್ತು ದೂರದೂರ. ಆದುದರಿಂದ ಬಲಿಪೂಜೆ ಎಂಬುದು ಹಳ್ಳಿಯ ಕ್ರೈಸ್ತನಿಗೆ ವರ್ಷದಲ್ಲಿ ಕೆಲವೇ ಸಲ ದೊರೆಯುತ್ತಿದ್ದ ಭಾಗ್ಯವಾಗಿತ್ತು. ದಿನದಿನದ ಧಾರ್ಮಿಕ ಜೀವನ ನಡೆಯುತ್ತಿದ್ದುದು ಮನೆಯ ಹಜಾರದಲ್ಲಿ, ಬಾಯಿಪಾಠದ ಬಲದ ಮೇಲೆ, ಊರಿನ ಉಪದೇಶಿಯ ಮುಂದಾಳುತನದಲ್ಲಿ. ಇಲ್ಲಿ ಭಾಷೆಯ ಸಂಗತಿಯೊಂದನ್ನು ವಿಶೇಷವಾಗಿ ಎತ್ತಿ ಹೇಳಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೩ರ ಡಿಸೆಂಬರ್ ೪ರಂದು ಪ್ರಕಟಿಸಿದ ಆರಾಧನಾವಿಧಿಯ ಶಾಸನದ ಮೂಲಕ ದೇಶಭಾಷೆಗಳಿಗೆ ದಾರಿ ತೆರೆಯುವವರೆಗೆ ಗುಡಿಯ ಬಲಿಪೂಜೆ ಲ್ಯಾಟಿನಿನಲ್ಲಿಯೇ ನಡೆಯುತ್ತಿತ್ತು. ಆದರೆ ಮನೆಯ ಪ್ರಾರ್ಥನೆ ಅದಕ್ಕಿಂತ ಬಹು ಹಿಂದಿನಿಂದಲೂ ಮನೆಮಾತಿನಲ್ಲಿಯೇ, ಕನ್ನಡ, ತಮಿಳು, ಕೊಂಕಣಿಗಳಲ್ಲಿಯೇ, ನಡೆದುಬಂದಿತ್ತು. ಗುಡಿಯಲ್ಲಿ ದೇವರು ಮಹಿಮೆಯುಳ್ಳವನಾಗಿ ದೂರದ ಭಾಷೆಯಲ್ಲಿ ಸ್ತುತನಾದರೆ, ಮನೆಯಲ್ಲಿ ಹತ್ತಿರದವನಾಗಿ ತಾಯಿನುಡಿಯಲ್ಲಿ ಕರೆಯಲ್ಪಡುತ್ತಿದ್ದನು. ಸಾನ್ನಿಧ್ಯದ ಅರಿವನ್ನು ನಿತ್ಯದ ಅಭ್ಯಾಸವನ್ನಾಗಿ ಮಾಡಿದುದು ಈ ಎರಡನೆಯ ಸಂಬಂಧವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಮನೆಯ ಈ ಪ್ರಾರ್ಥನೆಯ ತಿರುಳು ಜಪಸರ. ಓದುಬಲ್ಲ ಸನ್ಯಾಸಿಗಳು ನೂರೈವತ್ತು ಕೀರ್ತನೆಗಳನ್ನು ಪಠಿಸುತ್ತಿದ್ದಂತೆ, ಓದು ಬಾರದವರು ನೂರೈವತ್ತು ಸಲ ‘ನಮೋ ಮರಿಯ’ ಪ್ರಾರ್ಥನೆಯನ್ನು ಮಣಿಯೆಣಿಸಿ ಹೇಳುವ ಕ್ರಮದಿಂದ ಅದು ಬೆಳೆದುಬಂದಿತು. ೧೫೬೯ರಲ್ಲಿ ಐದನೆಯ ಪಯಸ್ ಪೋಪರು ಅದರ ರೂಪವನ್ನು ಸ್ಥಿರಪಡಿಸಿದರು. ದಿನಕ್ಕೆ ಅದರ ಮೂರನೆಯ ಒಂದು ಭಾಗವನ್ನು, ಎಂದರೆ ಐವತ್ತು ಮಣಿಗಳನ್ನು, ಹೇಳುವುದು ವಾಡಿಕೆ. ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಜಪಸರವನ್ನು ‘ತೇರ್ಸ್’ ಎನ್ನುವುದು ಮೂರನೆಯ ಒಂದು ಪಾಲೆಂಬ ಅರ್ಥದ ಪೋರ್ಚುಗೀಸ್ ಮಾತಿನಿಂದಲೇ. ಅವರ ಮನೆಗಳಲ್ಲಿ ಸಂಜೆಯ ತ್ರಿಕಾಲಪ್ರಾರ್ಥನೆಗೆ ‘ಆಮೋರಿ’ ಎಂದು ಹೆಸರು. ಪ್ರಾರ್ಥನೆ ಮುಗಿದೊಡನೆ ಕಿರಿಯರು ಹಿರಿಯರೆದುರು ಕೈಮುಗಿದು ‘ಬೆಸಾಂವ್’, ಎಂದರೆ ಆಶೀರ್ವಾದ, ಬೇಡುವ ಸಂಪ್ರದಾಯವಿದೆ. ದೇವರೊಡನೆ ಆಡಿದ ಮಾತು ಮುಗಿಯುತ್ತಲೇ ಅಜ್ಜಿಯ ಕೈ ಮಗುವಿನ ತಲೆಯ ಮೇಲೆ ಬರುವುದು ಕೇವಲ ಶಿಷ್ಟಾಚಾರವಲ್ಲ. ಕಾಣದ ಸಾನ್ನಿಧ್ಯವನ್ನು ಕಾಣುವ ಸಾನ್ನಿಧ್ಯದೊಡನೆ ಅದು ಮಗುವಿನ ಮನಸ್ಸಿನಲ್ಲಿ ಬೆಸೆಯುತ್ತದೆ.

ಇಂತಹ ಪ್ರಾರ್ಥನೆಯ ತಾಳಿಕೆಯನ್ನು ಒರೆಗೆ ಹಚ್ಚಿದ ಘಟನೆಯೊಂದು ನಮ್ಮ ಚರಿತ್ರೆಯಲ್ಲಿದೆ. ೧೭೮೪ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಿಂದ ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು ಘಟ್ಟದ ಮೇಲಕ್ಕೆ, ಶ್ರೀರಂಗಪಟ್ಟಣಕ್ಕೆ, ಸಾಗಿಸಲಾಯಿತು. ಅವರ ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ; ಸಾವಿರಾರು ಮಂದಿಯೆಂಬುದರಲ್ಲಿ ಸಂದೇಹವಿಲ್ಲ. ಗುರುಗಳನ್ನು ಹೊರಹಾಕಲಾಗಿತ್ತು, ಕರಾವಳಿಯ ಅನೇಕ ಇಗರ್ಜಿಗಳು ನೆಲಸಮವಾಗಿದ್ದವು. ೧೭೯೯ರಲ್ಲಿ ಶ್ರೀರಂಗಪಟ್ಟಣ ಪತನವಾಗುವವರೆಗೆ, ಎಂದರೆ ಹದಿನೈದು ವರ್ಷಗಳ ಕಾಲ, ಅವರಿಗೆ ಧರ್ಮಕೇಂದ್ರದ ವ್ಯವಸ್ಥೆಯಿರಲಿಲ್ಲ. ಆ ಅವಧಿಯಲ್ಲಿ ಹುಟ್ಟಿದ ಮಗು ಇಗರ್ಜಿಯ ಗಂಟೆಯನ್ನು ಕೇಳದೆಯೇ ಹದಿಹರೆಯಕ್ಕೆ ಕಾಲಿಟ್ಟಿರಬೇಕು. ಆದರೂ ಬದುಕುಳಿದವರು ಕರಾವಳಿಗೆ ಮರಳಿ ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಕಟ್ಟಬೇಕೆಂಬ ನೆನಪು ಅವರಲ್ಲಿ ಉಳಿದುದಾದರೂ ಹೇಗೆ? ಗಂಟೆಯಿಲ್ಲ, ಗುರುವಿಲ್ಲ, ಪುಸ್ತಕವಿಲ್ಲ. ಹಿರಿಯರ ಬಾಯಿಂದ ಕಿರಿಯರ ಕಿವಿಗೆ ದಾಟಿದ ಪ್ರಾರ್ಥನೆಯೊಂದನ್ನು ಬಿಟ್ಟರೆ ಬೇರೆ ಕಾರಣವನ್ನು ಊಹಿಸುವುದು ಕಷ್ಟ.

೪. ಗ್ರಂಥಪಠನದ ಕುಟುಂಬಾರಾಧನೆ

ಪ್ರಾಟೆಸ್ಟೆಂಟ್ ಪಂಥಗಳು ಇದೇ ಗುರಿಯನ್ನು ಬೇರೊಂದು ಸಾಧನದಿಂದ ಮುಟ್ಟಲೆಳಸಿದವು. ಅವರಲ್ಲಿ ಮಣಿಮಾಲೆಯ ಸ್ಥಾನವನ್ನು ಗ್ರಂಥ ಪಡೆಯಿತು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರೂ ಅವರ ಸಂಗಡಿಗರೂ ಪಟ್ಟ ಶ್ರಮದ ಫಲವಾಗಿ ೧೮೩೦ರ ದಶಕದ ಆರಂಭದ ವೇಳೆಗೆ ಸಮಗ್ರ ಬೈಬಲು ಕನ್ನಡದಲ್ಲಿ ದೊರೆಯುವಂತಾಯಿತು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನಿಯ ಭಕ್ತಿಪಂಥದ ವಾರಸುದಾರರು. ಆ ಪಂಥದ ಮನೆಗಳಲ್ಲಿ ಮುಂಜಾನೆ ಒಂದು ವೇದವಾಕ್ಯವನ್ನು ಓದಿ, ದಿನವಿಡೀ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆಯುವ ಅಭ್ಯಾಸ ಬಲವಾಗಿತ್ತು. ಹೆರ್ನ್‌ಹೂಟ್ ಎಂಬ ಜರ್ಮನ್ ಗ್ರಾಮದಿಂದ ೧೭೩೧ರಲ್ಲಿ ಮೊದಲು ಅಚ್ಚಾದ ದಿನವಾಕ್ಯಗಳ ಪುಸ್ತಿಕೆ ಇಂದಿಗೂ ವರ್ಷವರ್ಷವೂ ಹೊರಬರುತ್ತಿದೆ. ಓದುವುದನ್ನು ಕಲಿಯುವುದೂ ಪ್ರಾರ್ಥಿಸುವುದನ್ನು ಕಲಿಯುವುದೂ ಹೀಗೆ ಒಂದಕ್ಕೊಂದು ಹೆಣೆದುಕೊಂಡವು. ೧೮೯೪ರ ನಿಘಂಟಿನಿಂದ ಕನ್ನಡಿಗರೆಲ್ಲರ ಕೃತಜ್ಞತೆಗೆ ಪಾತ್ರರಾದ ಕಿಟ್ಟೆಲರು, ೧೮೬೨ರಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂಬ ಹೆಸರಿನಿಂದ ರಚಿಸಿದುದಕ್ಕೂ ಇದೇ ಹಿನ್ನೆಲೆ. ಕಿವಿಗೆ ಒಗ್ಗಿದ ಲಯದಲ್ಲಿ ಬಂದುದು ಮಾತ್ರ ನೆನಪಿನಲ್ಲಿ ನಿಲ್ಲುತ್ತದೆಂಬುದನ್ನು ಅವರು ಅರಿತಿದ್ದರು.

ಬಾಸೆಲ್ ಮಿಷನ್ನು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದುದು ನಮ್ಮ ವಿಷಯಕ್ಕೆ ಇನ್ನೂ ಹೆಚ್ಚು ಹತ್ತಿರವಾದುದು. ಕನ್ನಡನಾಡಿನ ಕ್ರೈಸ್ತರಲ್ಲಿ ಒಂದು ವರ್ಗ ಬಿಸಿಲು ಮಳೆಗಳ ಕಾಲಮಾನವನ್ನು ಬಿಟ್ಟು ಕಾರ್ಖಾನೆಯ ಗಡಿಯಾರಕ್ಕೆ ಒಳಪಟ್ಟುದು ಇಂತಹ ಕಡೆಗಳಲ್ಲಿಯೇ. ದುಡಿಮೆಯನ್ನೂ ಭಕ್ತಿಯನ್ನೂ ಒಂದೇ ಶಿಸ್ತಿಗೆ ತರಬೇಕೆಂಬುದು ಆಡಳಿತದವರ ಆಶಯವಾಗಿತ್ತು. ಅಲ್ಲಿ ಧಣಿಯೂ ಕಾರ್ಮಿಕನೂ ಒಂದೇ ಸಭೆಗೆ ಸೇರಿದವರಾದುದರಿಂದ ಗಡಿಯಾರ ಪ್ರಾರ್ಥನೆಗೆ ಎಡೆಗೊಡಬಲ್ಲುದಾಗಿತ್ತು. ಇಂದಿನ ಕಾರ್ಖಾನೆಗೆ ಅಂತಹ ಹೊಣೆಯೂ ಇಲ್ಲ, ಅಧಿಕಾರವೂ ಇಲ್ಲ. ಇರಬೇಕೆಂದು ಬಯಸುವುದೂ ಸರಿಯಲ್ಲ. ಬಹುಧರ್ಮೀಯರು ಕೂಡಿ ದುಡಿಯುವ ಸ್ಥಳದಲ್ಲಿ ಪ್ರಾರ್ಥನೆ ಪ್ರತಿಯೊಬ್ಬನ ಅಂತರಂಗದ ಹೊಣೆಯಾಗಿಯೇ ಉಳಿಯತಕ್ಕದ್ದು.

೫. ಅಡಿಗೆಮನೆಯ ಸಾಧಕ

ಹೀಗೆ ಅಂತರಂಗದ ಹೊಣೆಯಾದ ಪ್ರಾರ್ಥನೆಯ ಸ್ವರೂಪವನ್ನು ತಿಳಿಯಲು ಹದಿನೇಳನೆಯ ಶತಮಾನದ ಫ್ರಾನ್ಸಿನ ಸೋದರ ಲಾರೆನ್ಸರ ಜೀವನ ಉತ್ತಮ ಸಾಧನ. ಸುಮಾರು ೧೬೧೪ರಲ್ಲಿ ಲೊರೇನ್ ಪ್ರಾಂತದಲ್ಲಿ ಜನಿಸಿದ ಇವರು ಮೊದಲು ಸೈನಿಕರಾಗಿ ಗಾಯಗೊಂಡರು, ೧೬೪೦ರಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠವನ್ನು ಸೇರಿ ಅಡಿಗೆಯವರಾದರು, ಮುಂದೆ ಮಠವಾಸಿಗಳ ಪಾದರಕ್ಷೆಗಳನ್ನು ಹೊಲಿದರು, ೧೬೯೧ರಲ್ಲಿ ತೀರಿಕೊಂಡರು. ಅವರ ಪತ್ರಗಳನ್ನೂ ಸಂಭಾಷಣೆಗಳನ್ನೂ ಜೋಸೆಫ್ ದ ಬೊಫೋರ್ ಎಂಬ ಗುರುಗಳು ಸಂಗ್ರಹಿಸಿದುದರಿಂದ ಅವರ ಅಭ್ಯಾಸ ಲೋಕಕ್ಕೆ ತಿಳಿಯಿತು. ಅವರು ಸೇರಿದ ಮಠಪರಂಪರೆ ನಮಗೆ ಅಪರಿಚಿತವಲ್ಲ. ಬೇಗೂರಿಗೆ ಪೂರ್ವದಲ್ಲಿ, ಸರ್ಜಾಪುರ ರಸ್ತೆಯ ಬಳಿಯ ಕಾರ್ಮೆಲಾರಾಂ ರೈಲುನಿಲ್ದಾಣದ ಹೆಸರಿನಲ್ಲಿಯೇ ಕಾರ್ಮೆಲ್ ಬೆಟ್ಟದ ನೆನಪಿದೆ.

ಲಾರೆನ್ಸರ ಅಭ್ಯಾಸದಲ್ಲಿ ಗಹನವಾದ ತಂತ್ರವೇನೂ ಇರಲಿಲ್ಲ. ಕೆಲಸಕ್ಕೆ ಕೈಹಾಕುವ ಮೊದಲು ದೇವರ ನೆರವನ್ನು ಒಂದು ಮಾತಿನಲ್ಲಿ ಬೇಡುವುದು. ಕೆಲಸದ ನಡುವೆ ಆಗಾಗ ಒಂದು ಕ್ಷಣ ಮನಸ್ಸನ್ನು ಅವನತ್ತ ಹೊರಳಿಸುವುದು. ಮುಗಿದ ಮೇಲೆ ಸರಿಯಾಗಿ ನಡೆದುದಕ್ಕೆ ಕೃತಜ್ಞತೆ, ತಪ್ಪಿದುದಕ್ಕೆ ಕ್ಷಮೆ ಕೇಳುವುದು. ಮನಸ್ಸು ಅಲೆದಾಗ ತನ್ನನ್ನು ಹಳಿದುಕೊಳ್ಳುತ್ತ ಕೂಡದೆ ಸಮಾಧಾನದಿಂದ ಹಿಂದಕ್ಕೆ ತರುವುದು. ಇಷ್ಟೇ. ಅಡಿಗೆಯ ಕೆಲಸ ಅವರಿಗೆ ಸ್ವಭಾವತಃ ಒಗ್ಗಿದುದಾಗಿರಲಿಲ್ಲವೆಂಬುದು ಇಲ್ಲಿ ಮುಖ್ಯ. ಪ್ರಿಯವಾದ ಕೆಲಸವೇ ಪ್ರಾರ್ಥನೆಗೆ ಅನುಕೂಲವೆಂಬ ಭಾವನೆಯನ್ನು ಅವರ ಜೀವನ ಸಮರ್ಥಿಸುವುದಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಮೊದಲ ಹತ್ತು ವರ್ಷಗಳು ತಮಗೆ ಬಹಳ ಕಷ್ಟದವಾಗಿದ್ದುವೆಂದು ಅವರೇ ಬರೆದಿರುವುದು. ಸಾನ್ನಿಧ್ಯದ ಅರಿವು ಹಿತವಾದ ಭಾವಾವೇಶವಲ್ಲ. ಭಾವ ಬತ್ತಿದಾಗಲೂ ಬಿಡದ ಲಕ್ಷ್ಯ. ಈ ಭೇದವನ್ನು ಅರಿಯದವನು ಕೆಲವು ದಿನ ಪ್ರಾರ್ಥಿಸಿ, ಏನೂ ಅನಿಸಲಿಲ್ಲವೆಂದು ಬಿಟ್ಟುಬಿಡುತ್ತಾನೆ.

ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸರು ೧೫೫೧ರಲ್ಲಿ ಬರೆಸಿದ ಪತ್ರವೊಂದರಲ್ಲಿಯೂ ಇದೇ ನಿಲವಿದೆ. ಓದಿನ ಹೊರೆ ಹೊತ್ತ ವಿದ್ಯಾರ್ಥಿಗಳಿಗೆ ದೀರ್ಘಧ್ಯಾನಕ್ಕೆ ಬಿಡುವಿರದು. ಅವರು ಮಾತಿನಲ್ಲಿ, ನಡಿಗೆಯಲ್ಲಿ, ನೋಟದಲ್ಲಿ, ಊಟದಲ್ಲಿ ದೇವರನ್ನು ಅರಸಲಿ ಎಂಬುದು ಅದರ ಸಾರ. ಜೊತೆಗೆ, ಕಳೆದ ದಿನವನ್ನು ಕೃತಜ್ಞತೆಯಿಂದ ಆರಂಭಿಸಿ ಗಳಿಗೆ ಗಳಿಗೆಯಾಗಿ ನೆನೆದು ನೋಡುವ ಆತ್ಮಪರೀಕ್ಷೆಯನ್ನು ಅವರು ವಿಧಿಸಿದರು. ಸಾನ್ನಿಧ್ಯ ಆ ಗಳಿಗೆಯಲ್ಲಿ ಅರಿವಿಗೆ ಬಾರದಿದ್ದರೂ ಹಿಂತಿರುಗಿ ನೋಡಿದಾಗ ಬರಬಹುದೆಂಬುದು ಇದರ ಹಿಂದಿನ ಅನುಭವಸಿದ್ಧವಾದ ತಿಳಿವಳಿಕೆ.

ಇದನ್ನು ಓದುವ ಕನ್ನಡಿಗನಿಗೆ ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವವೂ, ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯನವರ ಕಥೆಯೂ, ಹರಿದಾಸರ ನಾಮಸ್ಮರಣೆಯೂ ನೆನಪಾಗುವುದು ಸಹಜ. ಸಾಮ್ಯ ನಿಜವಾದುದೇ, ಆದರೆ ಭೇದವನ್ನು ಮರೆಯಲಾಗದು. ಶರಣರಲ್ಲಿ ಕಾಯಕವೇ ಪೂಜೆಯ ಪದವಿಗೇರುತ್ತದೆ. ಅದರ ಫಲ ದಾಸೋಹಕ್ಕೆ ಸಲ್ಲುತ್ತದೆ. ಲಾರೆನ್ಸರಲ್ಲಿ ಕೆಲಸ ಕೆಲಸವಾಗಿಯೇ ಉಳಿದು, ಅದನ್ನು ಮಾಡುವಾಗ ಜೊತೆಗಿರುವವನೊಡನೆ ನಡೆಯುವ ಮೌನಸಂಭಾಷಣೆ ಪ್ರಾರ್ಥನೆಯಾಗುತ್ತದೆ.

೬. ಪಾಳಿಯ ದುಡಿಮೆ ಮತ್ತು ಪ್ರಾರ್ಥನೆ

ಈಗ ಬೇಗೂರಿನಂತಹ ಊರಿನ ಪ್ರಶ್ನೆಗೆ ಮರಳಬಹುದು. ಕಾಲಕ್ಕೆ ಕಟ್ಟಿದ ಪ್ರಾರ್ಥನೆ ಸಡಿಲವಾದಲ್ಲಿ ಕೆಲಸಕ್ಕೆ ಕಟ್ಟಿದ ಪ್ರಾರ್ಥನೆಗೆ ಅವಕಾಶ ಉಳಿದಿದೆ. ಹೊಲಿಗೆಯಂತ್ರದ ಮುಂದೆ ಕುಳಿತವಳಿಗೆ ಪ್ರತಿಯೊಂದು ಹೊಸ ಕಟ್ಟನ್ನು ಬಿಚ್ಚುವಾಗ, ಗಣಕಯಂತ್ರದ ಮುಂದಿರುವವನಿಗೆ ಅದು ತೆರೆದುಕೊಳ್ಳುವ ಕ್ಷಣದಲ್ಲಿ, ಹೊಸೂರು ರಸ್ತೆಯ ವಾಹನಸಂದಣಿಯಲ್ಲಿ ಸಿಕ್ಕಿದವನಿಗೆ ಬಸ್ಸು ನಿಂತಾಗ ಒಂದು ಕಿರುವಾಕ್ಯ ಸಾಧ್ಯ. ಊಟದ ಡಬ್ಬಿ ತೆರೆಯುವ ಮುನ್ನ ಶಿಲುಬೆಯ ಗುರುತು ಸಾಧ್ಯ. ಮಲಗುವ ವೇಳೆ ಬೆಳಗಿನ ಎಂಟು ಗಂಟೆಯಾದರೂ ಆತ್ಮಪರೀಕ್ಷೆ ಸಾಧ್ಯ. ಬುಟ್ಟಿ ಹೆಣೆದ ಈಜಿಪ್ಟಿನವರಿಗೂ ಇವರಿಗೂ ಮೂಲತಃ ಭೇದವಿಲ್ಲ.

ಆದರೆ ಇಷ್ಟರಿಂದಲೇ ಸಮಸ್ಯೆ ಪರಿಹಾರವಾಯಿತೆಂದು ಹೇಳಲಾಗದು. ಕೆಲಸದ ನಡುವಣ ಪ್ರಾರ್ಥನೆ ಮೌನವಾದುದು, ಒಬ್ಬನದು. ತಾಯಿಯ ಮನಸ್ಸಿನೊಳಗೆ ನಡೆದ ಪ್ರಾರ್ಥನೆಯನ್ನು ಮಗು ಕೇಳಲಾರದು, ಕೇಳದುದನ್ನು ಕಲಿಯಲಾರದು. ಲಾರೆನ್ಸರಿಗೆ ಮಕ್ಕಳಿರಲಿಲ್ಲ, ಅವರ ಸುತ್ತ ಗಂಟೆಗಂಟೆಗೆ ಸಾಮೂಹಿಕವಾಗಿ ಪ್ರಾರ್ಥಿಸುವ ಮಠವಿತ್ತು. ಶ್ರೀರಂಗಪಟ್ಟಣದ ಸೆರೆಯಾಳುಗಳಿಗೆ ಮಠವಿರಲಿಲ್ಲ, ಗಂಟೆಯಿರಲಿಲ್ಲ. ಆದರೆ ಒಬ್ಬರ ದನಿ ಇನ್ನೊಬ್ಬರಿಗೆ ಕೇಳುವಷ್ಟು ಸಮೀಪದಲ್ಲಿ ಅವರು ಬಾಳಿದರು. ಒಬ್ಬ ವ್ಯಕ್ತಿಯ ಅರಿವನ್ನು ಮೌನಪ್ರಾರ್ಥನೆ ಕಾಪಾಡಬಲ್ಲುದು. ಒಂದು ಪರಂಪರೆಯ ಅರಿವನ್ನು ಕಾಪಾಡಲು ದನಿಯೆತ್ತಿದ ಪ್ರಾರ್ಥನೆಯೇ ಬೇಕು. ಈ ದೃಷ್ಟಿಯಿಂದ ನೋಡಿದರೆ, ಪಾಳಿಯ ದುಡಿಮೆಯ ಕುಟುಂಬ ಎದುರಿಸುತ್ತಿರುವ ನಿಜವಾದ ಅಪಾಯ ಪ್ರಾರ್ಥನೆಗೆ ಬಿಡುವಿಲ್ಲದಿರುವುದಲ್ಲ. ಒಟ್ಟಿಗೆ ಇರುವ ಬಿಡುವು ಇಲ್ಲದಿರುವುದು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಕ್ರೈಸ್ತ ಪರಂಪರೆಯಲ್ಲಿ ದೇವಸಾನ್ನಿಧ್ಯದ ಅರಿವು ವಿರಳವಾದ ಸಿದ್ಧಿಯಲ್ಲ. ಕಿರಿದಾದ ಮಾತುಗಳ ಪುನರಾವೃತ್ತಿಯಿಂದ ಸಾಮಾನ್ಯ ಜನರೂ ಬೆಳೆಸಿಕೊಂಡ ಅಭ್ಯಾಸ. ಕನ್ನಡನಾಡಿನಲ್ಲಿ ಅದನ್ನು ಹೊತ್ತು ತಂದುದು ಪ್ರಧಾನವಾಗಿ ಮನೆ ಮತ್ತು ಮನೆಮಾತು. ವೇಳೆಯ ಕಟ್ಟು ಸಡಿಲವಾದಾಗ ಕೆಲಸದ ಕಟ್ಟು ಅದನ್ನು ಉಳಿಸಿಕೊಳ್ಳಬಲ್ಲುದು. ಆದರೆ ಮುಂದಿನ ತಲೆಮಾರಿಗೆ ದಾಟಿಸಲು ಕೇಳುವ ದನಿ ಅವಶ್ಯ.

ಆದುದರಿಂದ ವಾರದಲ್ಲಿ ಒಂದೇ ಸಂಜೆಯಾದರೂ, ಇಲ್ಲವೆ ಎರಡು ಪಾಳಿಗಳ ನಡುವೆ ಬಾಗಿಲ ಬಳಿ ಸಿಕ್ಕುವ ಅರೆಗಳಿಗೆಯಲ್ಲಿಯಾದರೂ, ಮನೆಯವರು ಕೂಡಿ ಒಂದು ಪ್ರಾರ್ಥನೆಯನ್ನು ಬಾಯಿಬಿಟ್ಟು ಹೇಳುವುದು ಅಲ್ಪವಾದ ಸಂಗತಿಯೆಂದು ತೋರಬಹುದು. ಇಗರ್ಜಿಗಳು ಬಿದ್ದು ಮತ್ತೆ ಎದ್ದುದರ ಚರಿತ್ರೆಯನ್ನು 
ಬಲ್ಲವರು ಅದನ್ನು ಅಲ್ಪವೆಂದು ಎಣಿಸಲಾರರು.